ಖಡಕವಾಸ್ಲಾದ ನೀರು, ಪ್ರಾದೇಶಿಕ ಹವಾಮಾನ ಮಾದರಿ: ಲೆಕ್ಕ ಹಾಕಿದ ಬಗೆ

ಪುಣೆಯ ನಲ್ಲಿಗೆ ನೀರು ಬರುವುದು ಮುಖ್ಯವಾಗಿ ತೇಮ್‌ಘರ್, ವರಸಗಾಂವ್, ಪಾನ್‌ಶೇತ್, ಖಡಕವಾಸ್ಲಾ ಅಣೆಕಟ್ಟುಗಳಿಂದ. ನಾಲ್ಕೂ ಸೇರಿ ಹಿಡಿಯುವುದು ಸುಮಾರು 29 ಟಿಎಂಸಿ. ಅವು ತುಂಬಿದ ಮೇಲೆ ಆಗಸ್ಟಿನಲ್ಲಿ ಎಷ್ಟೇ ಸುರಿದರೂ ನೀರು ಮುಠಾ ಹೊಳೆ ಹಿಡಿದು ಭೀಮೆಗೆ, ಅಲ್ಲಿಂದ ಉಜನಿ ಅಣೆಕಟ್ಟಿಗೆ ಹೋಗುತ್ತದೆ. ಇಂಡಿ, ಅಫಜಲಪುರದವರಿಗೆ ಅದು ಲೆಕ್ಕಕ್ಕೆ ಬಂದೀತು, ಪುಣೆಗೆ ಬಾರದು. ಹಾಗಾಗಿ ಹವಾಮಾನ ಬದಲಾದಂತೆ ಈ ನೀರು ಮುಂದೆ ಏನಾದೀತು ಎಂದು ಪ್ರಾದೇಶಿಕ ಮಾದರಿಗಳಿಂದ (ಜಾಗತಿಕ ಮಾದರಿಯ ಫಲಿತಾಂಶವನ್ನು ಒಂದು ಪ್ರದೇಶಕ್ಕೆ ಇನ್ನೂ ಸಣ್ಣ ಚೌಕಗಳಲ್ಲಿ ಬಿಡಿಸುವ ಕಂಪ್ಯೂಟರ್ ಲೆಕ್ಕ) ನೋಡುವಾಗ, ವರ್ಷದ ಒಟ್ಟು ಮಳೆಯನ್ನು ಪಕ್ಕಕ್ಕಿಟ್ಟು ಎರಡೇ ಪ್ರಶ್ನೆ ಹಿಡಿದೆ: ಜೂನ್‌ನಲ್ಲಿ ಒಳಹರಿವು ಯಾವಾಗ ಶುರುವಾಗುತ್ತದೆ, ಅಕ್ಟೋಬರ್ 15ಕ್ಕೆ ಎಷ್ಟು ನಿಂತಿರುತ್ತದೆ.

ಮಳೆಯ ಕಡತಗಳನ್ನು ಕಾರ್ಡೆಕ್ಸ್ ದಕ್ಷಿಣ ಏಷ್ಯಾ ಎಂಬ ಪ್ರಾದೇಶಿಕ ಮಾದರಿಗಳ ಸಂಗ್ರಹದಿಂದ ತೆಗೆದುಕೊಂಡೆ. ಪಾಷಾಣ್‌ನ ಉಷ್ಣವಲಯದ ಹವಾಮಾನ ಸಂಸ್ಥೆ ಐಐಟಿಎಂ ಈ ಕೆಲಸದ ಕೇಂದ್ರ. ಹಿಂದಿನ ಅವಧಿ 1976–2005, ಮುಂದಿನದು 2036–2065, ಆರ್‌ಸಿಪಿ 4.5 ಮತ್ತು 8.5 (ಹಸಿರುಮನೆ ಅನಿಲ ಮಧ್ಯಮವಾಗಿ, ತೀರಾ ಹೆಚ್ಚಾಗಿ ಏರುವ ಎರಡು ಕಲ್ಪಿತ ದಾರಿ) ಎರಡೂ. ಮಳೆ ಸೆಕೆಂಡಿಗೆ ಚದರ ಮೀಟರಿಗೆ ಇಷ್ಟು ಕಿಲೋ ಎಂದಿರುತ್ತದೆ, 86,400ರಿಂದ ಗುಣಿಸಿದರೆ ದಿನದ ಮಿಲಿಮೀಟರ್. ಕ್ಯಾಲೆಂಡರ್ ನೋಡದೆ ಮುಂದೆ ಹೋಗಬೇಡಿ: ಹ್ಯಾಡ್‌ಜೆಮ್ ಎಂಬ ಬ್ರಿಟಿಷ್ ಜಾಗತಿಕ ಮಾದರಿ ಆಧಾರಿತ ಕಡತಗಳಲ್ಲಿ ವರ್ಷಕ್ಕೆ 360 ದಿನ, ಇನ್ನು ಕೆಲವದರಲ್ಲಿ ಫೆಬ್ರವರಿ 29 ಇರುವುದಿಲ್ಲ. ಗ್ರಿಡ್ (ನಕ್ಷೆಯ ಚೌಕಗಳ ಜಾಲ) ಬದಲಿಸಲು ಸಿಡಿಒ ತಂತ್ರಾಂಶದ ರೀಮ್ಯಾಪ್‌ಕಾನ್ ಬಳಸಿದೆ. ಅದು ಮಳೆಯ ಒಟ್ಟು ಮೊತ್ತವನ್ನು ಹಾಗೇ ಉಳಿಸುತ್ತದೆ, ಅಕ್ಕಪಕ್ಕದ ಬಿಂದುಗಳಿಂದ ಅಂದಾಜಿಸುವ ಬೈಲೀನಿಯರ್ ವಿಧಾನ ಉಳಿಸುವುದಿಲ್ಲ.

ನಿಜವಾದ ತೊಡಕು ಘಟ್ಟ. ಮಾದರಿಯ ಒಂದು ಚೌಕ ಸುಮಾರು 50 ಕಿ.ಮೀ.; ತಾಮ್ಹಿಣಿ ಘಾಟಿನ ನೆತ್ತಿಯೂ ಪುಣೆ ಶಹರವೂ ಹೆಚ್ಚುಕಡಿಮೆ ಅಷ್ಟರೊಳಗೇ ಬಿದ್ದುಬಿಡುತ್ತವೆ. ತೇಮ್‌ಘರ್‌ನಲ್ಲಿ ಖಡಕವಾಸ್ಲಾದ ಹಲವು ಪಟ್ಟು ಮಳೆ, ಮಾದರಿಗೆ ಮಾತ್ರ ಎರಡಕ್ಕೂ ಸರಾಸರಿ. ಹವಾಮಾನ ಇಲಾಖೆಯ 0.25 ಡಿಗ್ರಿ ಗ್ರಿಡ್ ಕೂಡ ಘಟ್ಟದಲ್ಲಿ ಮಳೆಯನ್ನು ಸವರಿಬಿಡುತ್ತದೆ. ಅದಕ್ಕೇ ಅಣೆಕಟ್ಟಿನ ಮಳೆಮಾಪಕದ ದಾಖಲೆಯನ್ನೇ ಆಧಾರವಾಗಿಟ್ಟು, ಪ್ರತಿ ಅಣೆಕಟ್ಟಿಗೂ ಬೇರೆಯಾಗಿ ತಿದ್ದುಪಡಿ ಮಾಡಿದೆ.

ತಿದ್ದುಪಡಿಗೆ ಮೊದಲು ತುಂತುರು ತೆಗೆಯಬೇಕು. ಮಾದರಿಯ ಮುಂಗಾರಿನಲ್ಲಿ ಒಣ ದಿನವೇ ಅಪರೂಪ, ದಿನವೂ ಒಂದೆರಡು ಮಿ.ಮೀ. ಬೀಳುತ್ತಿರುತ್ತದೆ. ಮಾಪಕದಲ್ಲಿ 2.5 ಮಿ.ಮೀ. ದಾಟಿದ ದಿನಗಳೆಷ್ಟೋ ಮಾದರಿಯಲ್ಲೂ ಅಷ್ಟೇ ಉಳಿಯುವಂತೆ ಮಿತಿ ಹುಡುಕಿ, ಅದಕ್ಕಿಂತ ಕೆಳಗಿನದನ್ನು ಸೊನ್ನೆ ಮಾಡಿದೆ. ಆಮೇಲೆ ಕ್ವಾಂಟೈಲ್ ಡೆಲ್ಟಾ ಮ್ಯಾಪಿಂಗ್: ಸಣ್ಣ ಮಳೆ, ದೊಡ್ಡ ಮಳೆ ಹೀಗೆ ಪ್ರತಿ ಹಂತದಲ್ಲೂ ಮಾದರಿಯನ್ನು ಮಾಪಕಕ್ಕೆ ಹೊಂದಿಸುವ ವಿಧಾನ. ಮಾದರಿ ತೋರಿಸುವ ಬದಲಾವಣೆಯನ್ನು ಅದು ಅಳಿಸುವುದಿಲ್ಲ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಒಂದೇ ತಿದ್ದುಪಡಿ ರೇಖೆ ಹಾಕಿದರೆ ಜುಲೈನ ಭಾರಕ್ಕೆ ಜೂನ್ ಮುಳುಗಿಹೋಗುತ್ತದೆ: ಮುಂಗಾರು ತಡವಾಗಿ ತರುವ ಮಾದರಿಯ ಜೂನ್ ಒಣಗಿಯೇ ಉಳಿಯುತ್ತದೆ, ಓದುವವರು ಅದನ್ನೇ ಹವಾಮಾನ ಬದಲಾವಣೆ ಅಂದುಕೊಳ್ಳುತ್ತಾರೆ. ಹಾಗಾಗಿ ಪ್ರತಿ ದಿನಕ್ಕೂ ಹಿಂದೆ 15, ಮುಂದೆ 15 ದಿನ ಸೇರಿಸಿ 31 ದಿನಗಳ ಕಿಟಕಿ ಇಟ್ಟೆ. ಬೆಸ ವರ್ಷಗಳಲ್ಲಿ ರೇಖೆ ಕಟ್ಟಿ, ಸಮ ವರ್ಷಗಳಲ್ಲಿ ಪರೀಕ್ಷೆ.

ಪರೀಕ್ಷೆ ಎಂದರೆ ಮಾದರಿಯ 2005ರ ಜುಲೈಯನ್ನು ನಿಜವಾದ 2005ರ ಜುಲೈ ಜೊತೆ ಹೋಲಿಸುವುದಲ್ಲ. ಜಾಗತಿಕ ಮಾದರಿಯಿಂದ ಬಂದ ಓಟದಲ್ಲಿ ವರ್ಷಕ್ಕೆ ಹೆಸರಷ್ಟೇ ಒಂದು, ಆ ವರ್ಷದ ನಿಜವಾದ ಹವೆ ಅದರಲ್ಲಿ ಇರುವುದಿಲ್ಲ. 30 ವರ್ಷಗಳ ಹಂಚಿಕೆಯನ್ನು ನೋಡಬೇಕು. ದಿನಕ್ಕೆ ದಿನ ಹೋಲಿಸುವುದೇ ಆದರೆ ಇಆರ್‌ಎ-ಇಂಟೆರಿಮ್‌ನಿಂದ (ನಿಜವಾದ ವೀಕ್ಷಣೆಗಳಿಂದ ಮರುಕಟ್ಟಿದ ಹವೆಯ ದಾಖಲೆ) ಓಡಿಸಿದ ಕಡತ ಬೇಕು, ಅಲ್ಲೂ ಒಂದು ದಿನ ಸರಿಸಿ: ಇಲಾಖೆಯ ಮಳೆ ಬೆಳಿಗ್ಗೆ 8:30ಕ್ಕೆ ಮುಗಿದ 24 ಗಂಟೆಯದು.

ಕೊನೆಗೆ ಹರಿವು. 100 ಚದರ ಕಿ.ಮೀ. ಮೇಲೆ 283 ಮಿ.ಮೀ. ಹರಿದುಬಂದರೆ ಒಂದು ಟಿಎಂಸಿ. ಮಣ್ಣು ನೆನೆಯುವ ಮೊದಲು ಜೂನ್‌ನ ಮಳೆ ಬಹುಪಾಲು ಇಂಗುವುದರಿಂದ ಇಡೀ ಋತುವಿಗೆ ಒಂದೇ ಹರಿವಿನ ಗುಣಾಂಕ (ಮಳೆಯಲ್ಲಿ ಹರಿದುಬರುವ ಪಾಲು) ಹಾಕಲಿಲ್ಲ. ಮಣ್ಣಿನ ತೇವವನ್ನು ದಿನದಿನಕ್ಕೆ ಲೆಕ್ಕವಿಡುವ ಸರಳ ನೀರಿನ ಸಮತೋಲ ಸಾಕಾಯಿತು. ಈ ಲೆಕ್ಕ ಬಳಸುವ ಎಂಜಿನಿಯರರಿಗೆ ಎಲ್ಲ ಮಾದರಿಗಳ ಸರಾಸರಿ ಕೊಡುವುದಿಲ್ಲ. ಒಂದು ಒಣ, ಇನ್ನೊಂದು ತೇವ ಆದಾಗ ಸರಾಸರಿ ‘ಏನೂ ಬದಲಾಗದು’ ಎನ್ನುತ್ತದೆ. ಪ್ರತಿ ಮಾದರಿಯ ಸಂಗ್ರಹದ ಗೆರೆಯನ್ನು ಬೇರೆ ಬೇರೆ ಎಳೆದು, 29 ಟಿಎಂಸಿ ದಾಟಿದ್ದನ್ನು ಕತ್ತರಿಸಿ ಕೊಡುತ್ತೇನೆ.