ಐವತ್ತು ಡಾಲರ್ ಎಲ್ಲೆಲ್ಲಿ ಬರುತ್ತದೆ ನೋಡಿ: ‘ಆಫ್ ಮೈಸ್ ಅಂಡ್ ಮೆನ್’ ಓದುವ ಒಂದು ದಾರಿ

ಡಿಗ್ರಿ ತರಗತಿಯಲ್ಲಿ ಅಮೆರಿಕದ ಕಾದಂಬರಿಕಾರ ಜಾನ್ ಸ್ಟೈನ್‌ಬೆಕ್‌ನ ‘ಆಫ್ ಮೈಸ್ ಅಂಡ್ ಮೆನ್’ ಪಾಠ ಮಾಡುವವಳು ನಾನು. ಮಕ್ಕಳು ಪುಸ್ತಕ ತೆರೆಯುವ ಮೊದಲೇ ಥೀಮ್‌ಗಳನ್ನು ಬಾಯಿಪಾಠ ಮಾಡಿಕೊಂಡು ಬಂದಿರುತ್ತಾರೆ. ಒಂಟಿತನ, ಸ್ನೇಹ, ಕನಸು, ದೌರ್ಜನ್ಯ. ನಾಲ್ಕೂ ಸರಿ. ಆದರೆ ಆ ಪಟ್ಟಿ ಹಿಡಿದುಕೊಂಡೇ ಓದಲು ಕೂತರೆ ಕಥೆಯಲ್ಲಿರುವ ಮನುಷ್ಯರು ಕಾಣಿಸುವುದಿಲ್ಲ. ಅದಕ್ಕೆ ನಾನು ಹೇಳುವುದು ಇಷ್ಟೇ: ಮೊದಲು ದುಡ್ಡು ನೋಡಿ, ಆಮೇಲೆ ಸಾಮಾನು ನೋಡಿ, ಆಮೇಲೆ ಕೈಗಳನ್ನು ನೋಡಿ. ಥೀಮ್ ತಾನಾಗಿ ಸಿಗುತ್ತದೆ.

ಮೊದಲ ಸಲ ಸುಮ್ನೆ ಓದಿ. ಚಿಕ್ಕ ಪುಸ್ತಕ, ಆರೇ ಅಧ್ಯಾಯ, ಒಂದು ಭಾನುವಾರಕ್ಕೆ ಮುಗಿಯುತ್ತದೆ. ಕೈಯಲ್ಲಿ ಪೆನ್ಸಿಲ್ ಇರಲಿ. ಪ್ರತಿ ಅಧ್ಯಾಯದ ಮೇಲೆ ದಿನ ಮತ್ತು ಜಾಗ ಬರೆದುಕೊಳ್ಳಿ. ಗುರುವಾರ ಸಂಜೆ ನದಿ ದಡ. ಶುಕ್ರವಾರ ಬೆಳಿಗ್ಗೆ ಕೂಲಿಗಳು ಮಲಗುವ ಮನೆ. ಶುಕ್ರವಾರ ರಾತ್ರಿ ಮತ್ತೆ ಅಲ್ಲೇ. ಶನಿವಾರ ರಾತ್ರಿ ಕುದುರೆ ನೋಡಿಕೊಳ್ಳುವ ಕ್ರೂಕ್ಸ್‌ನ ಕೋಣೆ. ಭಾನುವಾರ ಮಧ್ಯಾಹ್ನ ಕೊಟ್ಟಿಗೆ. ಅದೇ ಸಂಜೆ ಮತ್ತೆ ನದಿ ದಡ. ಒಂದು ಅಧ್ಯಾಯಕ್ಕೆ ಒಂದೇ ಜಾಗ, ಯಾಕಂದರೆ ರಂಗದ ಮೇಲೆ ಆಡಲು ಬರುವ ಹಾಗೆ ಬರೆದ ಕಾದಂಬರಿ ಇದು. ಪುಸ್ತಕ ಬಂದ 1937ರಲ್ಲೇ ನ್ಯೂಯಾರ್ಕಿನ ನಾಟಕರಂಗವಾದ ಬ್ರಾಡ್‌ವೇಯಲ್ಲಿ ನಾಟಕವೂ ಆಯಿತು. ನಾಟಕದಲ್ಲಿ ಪಾತ್ರದ ಮನಸ್ಸಿನೊಳಗೆ ಇಣುಕಲು ಆಗುವುದಿಲ್ಲ ಅಲ್ವಾ? ಇಲ್ಲೂ ಹೆಚ್ಚಾಗಿ ಹಾಗೇ. ನಮಗೆ ಸಿಗುವುದು ಅವರ ಮಾತು, ನಡೆ, ಅವರ ಹತ್ತಿರ ಇರುವ ವಸ್ತು. ಅದಕ್ಕೇ ವಸ್ತುಗಳಿಗೆ ಇಷ್ಟು ಬೆಲೆ.

ಹಿನ್ನೆಲೆ ಸ್ವಲ್ಪ ಗೊತ್ತಿದ್ದರೆ ಸಾಕು. ಸ್ಟೈನ್‌ಬೆಕ್ ಹುಟ್ಟಿದ್ದು 1902ರಲ್ಲಿ, ಕ್ಯಾಲಿಫೋರ್ನಿಯಾದ ಸಲೀನಾಸ್‌ನಲ್ಲಿ. ಕಥೆ ನಡೆಯುವ ಸೊಲೆಡಾಡ್ ಅದೇ ಕಣಿವೆಯ ಊರು. ಹರೆಯದಲ್ಲಿ ಆತ ಆ ಕಡೆಯ ದೊಡ್ಡ ಕೃಷಿ ಜಮೀನುಗಳಲ್ಲಿ, ಅಂದರೆ ರ‍್ಯಾಂಚ್‌ಗಳಲ್ಲಿ ಕೂಲಿಗಳ ಜೊತೆ ಕೆಲಸ ಮಾಡಿದ್ದ. ಹಾಸಿಗೆ ಸುತ್ತಿ ಹೆಗಲಿಗೆ ಹಾಕಿಕೊಂಡು ರ‍್ಯಾಂಚಿನಿಂದ ರ‍್ಯಾಂಚಿಗೆ ಅಲೆಯುವ ಒಂಟಿ ಗಂಡಸರು ಅವರು. ಕಥೆಯ ಜಾರ್ಜ್, ಮತ್ತು ದೈತ್ಯ ಮೈ, ಮಗುವಿನ ಬುದ್ಧಿಯ ಲೆನ್ನಿ ಅಂಥವರೇ. ವ್ಯತ್ಯಾಸ ಒಂದೇ, ಇವರು ಇಬ್ಬರು ಜೊತೆಗಿದ್ದಾರೆ. ಅದನ್ನು ಕಂಡು ಬಾಸ್‌ಗೆ ಅನುಮಾನವೇ ಬರುತ್ತದೆ: ಲೆನ್ನಿಯ ಸಂಬಳವನ್ನು ಜಾರ್ಜ್ ಹೊಡೆಯುತ್ತಿರಬೇಕು ಎಂದು. ಇಬ್ಬರು ಗಂಡಸರ ನಡುವಿನ ಅಕ್ಕರೆ ಅವನಿಗೆ ದುಡ್ಡಿನ ಲೆಕ್ಕದಲ್ಲೇ ಅರ್ಥವಾಗುವುದು.

ಈಗ ಎರಡನೇ ಓದು. ದುಡ್ಡು ಬಂದಲ್ಲೆಲ್ಲ ಅಡಿಗೆರೆ ಎಳೆಯಿರಿ. ಈ ಕೆಲಸವನ್ನು ಮಾತ್ರ ಅವಸರ ಮಾಡಬೇಡಿ.

ತಿಂಗಳ ಕೂಲಿ 50 ಡಾಲರ್. ಮೊದಲ ಅಧ್ಯಾಯದಲ್ಲೇ ಜಾರ್ಜ್ ಸಿಟ್ಟಿನಲ್ಲಿ ಹೇಳುತ್ತಾನೆ, ಲೆನ್ನಿ ಇಲ್ಲದಿದ್ದರೆ ತಿಂಗಳ ಕೊನೆಗೆ ಐವತ್ತು ಡಾಲರ್ ತಗೊಂಡು ಪೇಟೆಗೆ ಹೋಗಿ ಬೇಕಾದ್ದು ಮಾಡಬಹುದಿತ್ತು ಎಂದು. ಮೂರನೇ ಅಧ್ಯಾಯದಲ್ಲಿ ಅದೇ ಐವತ್ತು ಬೇರೆ ವೇಷದಲ್ಲಿ ಬರುತ್ತದೆ. ಅವರು ಕನಸು ಕಾಣುವ ಜಮೀನು 10 ಎಕರೆ, ಬೆಲೆ 600 ಡಾಲರ್. ಅಷ್ಟು ಅಗ್ಗ ಯಾಕೆ? ಅದರ ಒಡೆಯರು ಮುದುಕರು, ಕೈ ಬರಿದಾಗಿದೆ, ಹೆಂಡತಿಗೆ ಆಪರೇಷನ್ ಆಗಬೇಕು. ಈ ಒಂದು ಸಾಲನ್ನು ಹೆಚ್ಚಿನವರು ಹಾರಿಸಿಬಿಡುತ್ತಾರೆ. ಇವರಿಗೆ ಜಮೀನು ಸಿಗಬೇಕಾದರೆ ಇನ್ನೊಂದು ಬಡ ಸಂಸಾರ ಅದನ್ನು ಕಳೆದುಕೊಳ್ಳಬೇಕು.

ಜಾರ್ಜ್, ಲೆನ್ನಿ ಇಬ್ಬರದೂ ಸೇರಿ ಕೈಯಲ್ಲಿರುವುದು 10 ಡಾಲರ್. ಅಲ್ಲಿಯವರೆಗೆ ಜಮೀನು ಎಂಬುದು ಮಲಗುವ ಮುಂಚೆ ಹೇಳುವ ಕಥೆ, ಅಷ್ಟೇ. ಅಷ್ಟರಲ್ಲಿ ಮುದುಕ ಕ್ಯಾಂಡಿ ಬಾಯಿ ಹಾಕುತ್ತಾನೆ. ರ‍್ಯಾಂಚಿನ ಕೆಲಸದಲ್ಲಿ ಅವನ ಒಂದು ಕೈ ಹೋಗಿದೆ, ಪರಿಹಾರ ಅಂತ 250 ಡಾಲರ್ ಸಿಕ್ಕಿದೆ. ಬ್ಯಾಂಕಿನಲ್ಲಿ 50, ತಿಂಗಳ ಕೊನೆಗೆ ಬರುವುದು ಇನ್ನು 50. ಒಟ್ಟು 350. ಜಾರ್ಜ್ ಮತ್ತು ಲೆನ್ನಿ ಒಂದು ತಿಂಗಳು ಏನೂ ಖರ್ಚು ಮಾಡದೆ ದುಡಿದರೆ 100. ಅಲ್ಲಿಗೆ 450. ಇಷ್ಟಕ್ಕೆ ಜಮೀನು ಹಿಡಿಯಬಹುದು, ಉಳಿದದ್ದು ಆಮೇಲೆ ದುಡಿದು ತೀರಿಸಬಹುದು ಎಂದು ಜಾರ್ಜ್ ಲೆಕ್ಕ ಹಾಕುತ್ತಾನೆ. ಆ ಲೆಕ್ಕ ಮುಗಿದಾಗ ಮೂವರೂ ಮಾತಿಲ್ಲದೆ ಒಬ್ಬರನ್ನೊಬ್ಬರು ನೋಡುತ್ತಾರೆ. ಈ ಜಾಗಕ್ಕೆ ಬಂದಾಗ ನನಗೆ ಈಗಲೂ ಎದೆ ಬಿಗಿಯುತ್ತದೆ. ಕನಸಿಗೂ ಅವರಿಗೂ ನಡುವೆ ಇರುವುದು ಒಂದೇ ತಿಂಗಳು. ಅದು ಶುಕ್ರವಾರ ರಾತ್ರಿ. ಭಾನುವಾರಕ್ಕೆ ಎಲ್ಲ ಮುಗಿದಿರುತ್ತದೆ. ಪೆನ್ಸಿಲ್‌ನಲ್ಲಿ ದಿನ ಬರೆದುಕೊಳ್ಳಿ ಎಂದಿದ್ದು ಇದಕ್ಕೇ.

ಇದರ ಜೊತೆಗೆ ಇನ್ನೊಂದು ಲೆಕ್ಕ ಮಾಡಿ. ಒಂದು ಕೈಗೆ 250 ಡಾಲರ್ ಅಂದರೆ ಐದು ತಿಂಗಳ ಕೂಲಿ. ಕೂಲಿಯವನ ದೇಹಕ್ಕೆ ಆ ವ್ಯವಸ್ಥೆ ಕಟ್ಟಿದ ಬೆಲೆ ಅದು.

ಕೊನೆಗೆ ಐದನೇ ಅಧ್ಯಾಯ. ಬಾಸ್‌ನ ಮಗ ಕರ್ಲಿಯ ಹೆಂಡತಿ ಲೆನ್ನಿಯ ಕೈಯಲ್ಲಿ ಸತ್ತು ಬಿದ್ದಿದ್ದಾಳೆ. ಆಗ ಜಾರ್ಜ್ ಹೇಳುತ್ತಾನೆ: ತಿಂಗಳು ದುಡಿಯುತ್ತೇನೆ, ಐವತ್ತು ಡಾಲರ್ ತಗೋತೇನೆ, ಯಾವುದಾದರೂ ಕೊಳಕು ಸೂಳೆಮನೆಯಲ್ಲಿ ರಾತ್ರಿ ಕಳೀತೇನೆ. ಮೊದಲು ಬೇಕು ಎಂದು ಕೂಗಾಡಿದ ಬಿಡುಗಡೆಯೇ ಈಗ ಶಿಕ್ಷೆಯಾಗಿ ಬಂದಿದೆ. ಮೂರು ಕಡೆಯ ಈ ಐವತ್ತನ್ನು ಪಕ್ಕಪಕ್ಕ ಇಟ್ಟು ಬರೆದರೆ ಜಾರ್ಜ್‌ನ ಮೇಲಿನ ಯಾವ ಪ್ರಶ್ನೆಗೂ ನಿಮ್ಮ ಹತ್ತಿರ ಸ್ವಂತ ಉತ್ತರ ಇರುತ್ತದೆ.

ಈಗ ಸಾಮಾನು. ಕೂಲಿಗಳಿಗೆ ಮಂಚದ ಪಕ್ಕ ಗೋಡೆಗೆ ಹೊಡೆದ ಒಂದು ಸೇಬಿನ ಪೆಟ್ಟಿಗೆ, ಅದರಲ್ಲಿ ಸೋಪು, ಪೌಡರ್, ರೇಜರ್, ಮ್ಯಾಗಜೀನು. ನಾಳೆ ಗಂಟು ಕಟ್ಟುವವರಿಗೆ ಅಷ್ಟೇ. ಕ್ರೂಕ್ಸ್‌ನ ಕೋಣೆ ನೋಡಿ. ಅವನು ಕಪ್ಪು ಮನುಷ್ಯ, ಬೆನ್ನು ವಕ್ರ, ಕುದುರೆ ನೋಡಿಕೊಳ್ಳುವವನು. ಬಿಳಿಯರ ಜೊತೆ ಮಲಗುವ ಹಾಗಿಲ್ಲ. ಆದರೆ ಅಲ್ಲೇ ನೆಲೆ ನಿಂತವನಾದ್ದರಿಂದ ಸಾಮಾನು ಜಾಸ್ತಿ: ಅಲಾರಂ ಗಡಿಯಾರ, ಬಂದೂಕು, ಹರಿದ ನಿಘಂಟು, ಚಿನ್ನದ ಕಟ್ಟಿನ ಕನ್ನಡಕ, 1905ರ ಕ್ಯಾಲಿಫೋರ್ನಿಯಾ ಸಿವಿಲ್ ಕಾನೂನಿನ ಪುಸ್ತಕ. ಯಾರನ್ನೂ ನಂಬಲಾಗದವನು ಕಾನೂನು ಓದಿಕೊಳ್ಳುತ್ತಿದ್ದಾನೆ. ಅದೇ ರಾತ್ರಿ ಕರ್ಲಿಯ ಹೆಂಡತಿ ಅವನನ್ನು ಮರಕ್ಕೆ ನೇತುಹಾಕಿಸಬಲ್ಲೆ ಎಂದು ಹೆದರಿಸಿದಾಗ ಆ ಪುಸ್ತಕ ಕೆಲಸಕ್ಕೆ ಬರುವುದಿಲ್ಲ. ಇನ್ನೊಂದು ಗಮನಿಸಿ. ಕ್ರೂಕ್ಸ್‌ನ ಅಪ್ಪನಿಗೆ ಕೋಳಿ ಸಾಕುವ ಜಮೀನು ಇತ್ತು. ಎಷ್ಟು? ಸುಮಾರು 10 ಎಕರೆ. ಜಾರ್ಜ್ ಕನಸು ಕಾಣುವಷ್ಟೇ. ಹಾಗಾಗಿ ಅವನು ಕನಸನ್ನು ಹಳಿಯುವುದು ಕಹಿಯಿಂದ ಮಾತ್ರ ಅಲ್ಲ, ಅನುಭವದಿಂದ. ಅವನನ್ನು ಕರೆಯುವ ಜನಾಂಗೀಯ ಬೈಗುಳ ಪುಸ್ತಕದ ತುಂಬ ಇದೆ. ಗಟ್ಟಿಯಾಗಿ ಓದುವಾಗ ಅದನ್ನು ಉಚ್ಚರಿಸಬೇಡಿ. ಯಾರು, ಎಷ್ಟು ಸಲೀಸಾಗಿ ಬಳಸುತ್ತಾರೆ ಅನ್ನುವುದನ್ನು ಮಾತ್ರ ಗುರುತು ಹಾಕಿ.

ಕರ್ಲಿಯ ಹೆಂಡತಿಗೆ ಹೆಸರೇ ಇಲ್ಲ. ಅವಳನ್ನು ‘ಕೆಟ್ಟ ಹೆಂಗಸು’ ಎಂದು ಬರೆದ ಉತ್ತರ ನೋಡಿದರೆ ನನಗೆ ಸಂಕಟವಾಗುತ್ತದೆ. ಹಾಗೆ ಹೇಳುವುದು ರ‍್ಯಾಂಚಿನ ಗಂಡಸರು. ನಾವು ಅದನ್ನೇ ನಕಲು ಮಾಡಬಾರದು. ಐದನೇ ಅಧ್ಯಾಯದಲ್ಲಿ ಅವಳು ಲೆನ್ನಿಗೆ ಹೇಳುವುದನ್ನು ನಿಧಾನವಾಗಿ ಓದಿ. ಸಿನಿಮಾಕ್ಕೆ ಸೇರಿಸುತ್ತೇನೆ ಎಂದವನ ಪತ್ರ ಬರಲೇ ಇಲ್ಲ. ಅಮ್ಮ ಕದ್ದಿರಬೇಕು ಎಂದು ನಂಬಿ, ಅದೇ ರಾತ್ರಿ ಡ್ಯಾನ್ಸ್ ಹಾಲ್‌ನಲ್ಲಿ ಸಿಕ್ಕ ಕರ್ಲಿಯನ್ನು ಮದುವೆಯಾದಳು.

ಲೆನ್ನಿಯ ವಿಷಯದಲ್ಲಿ ಒಂದು ಎಚ್ಚರಿಕೆ. ಅವನಿಗೆ ಯಾವುದೋ ಕಾಯಿಲೆಯ ಹೆಸರು ಅಂಟಿಸಬೇಡಿ. 2004ರಲ್ಲಿ ಟೆಕ್ಸಸ್‌ನ ಕ್ರಿಮಿನಲ್ ಮೇಲ್ಮನವಿ ನ್ಯಾಯಾಲಯ ಬೌದ್ಧಿಕ ನ್ಯೂನತೆ ಇರುವವರಲ್ಲಿ ಯಾರಿಗೆ ಮರಣದಂಡನೆಯಿಂದ ವಿನಾಯಿತಿ ಕೊಡಬೇಕು ಎಂದು ಚರ್ಚಿಸುತ್ತಾ ಲೆನ್ನಿಯನ್ನೇ ಉದಾಹರಣೆಗೆ ತಂದಿತು. ಆ ತೀರ್ಪಿನ ಮಾನದಂಡಗಳನ್ನು ಬಳಸುವ ಹಾಗಿಲ್ಲ ಎಂದು 2017ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ ಹೇಳಿತು. ಕಥೆಯ ಲೆನ್ನಿಯನ್ನು ಕಥೆಯಲ್ಲೇ ನೋಡಿ: ಇಲಿ, ವೀಡ್ ಊರಿನ ಹುಡುಗಿಯ ಕೆಂಪು ಬಟ್ಟೆ, ನಾಯಿಮರಿ, ಹೆಂಗಸಿನ ಕೂದಲು. ಮೃದುವಾದದ್ದನ್ನು ಸವರುವ ಆಸೆ ಒಂದೇ, ಪರಿಣಾಮ ಮಾತ್ರ ದೊಡ್ಡದಾಗುತ್ತಾ ಹೋಗುತ್ತದೆ.

ಇಲ್ಲಿಂದ ಕೈಗಳಿಗೆ ಬನ್ನಿ. ಲೆನ್ನಿಯದು ಪ್ರಾಣಿಯ ಪಂಜದಂಥ ಕೈ. ಕರ್ಲಿಯ ಎಡಗೈ ವ್ಯಾಸಲೀನ್ ತುಂಬಿದ ಗ್ಲೌಸಿನಲ್ಲಿ. ಲೆನ್ನಿ ಪುಡಿ ಮಾಡುವುದು ಅವನ ಕೈಯನ್ನೇ. ಹೇಸರಗತ್ತೆ ಗಾಡಿ ಹೊಡೆಯುವ ಸ್ಲಿಮ್‌ನ ಕೈ ದೇವಾಲಯದ ನರ್ತಕಿಯ ಕೈಯಷ್ಟು ನಾಜೂಕು ಎನ್ನುತ್ತಾನೆ ಸ್ಟೈನ್‌ಬೆಕ್. ಕ್ಯಾಂಡಿಗೆ ಒಂದು ಕೈಯೇ ಇಲ್ಲ, ಅವನ ಮುದಿ ನಾಯಿಯನ್ನು ಇನ್ನೊಬ್ಬ ಕೂಲಿ ಕಾರ್ಲ್‌ಸನ್ ತನ್ನ ಲೂಗರ್ ಪಿಸ್ತೂಲಿನಿಂದ ತಲೆಯ ಹಿಂಭಾಗಕ್ಕೆ ಹೊಡೆಯುತ್ತಾನೆ. ನಾನೇ ಹೊಡೆಯಬೇಕಿತ್ತು, ಬೇರೆಯವನಿಗೆ ಬಿಡಬಾರದಿತ್ತು ಎಂದು ಕ್ಯಾಂಡಿ ಆಮೇಲೆ ಜಾರ್ಜ್‌ಗೆ ಹೇಳುತ್ತಾನೆ. ಕೊನೆಯಲ್ಲಿ ಲೆನ್ನಿಯನ್ನು ಕೊಲ್ಲುವುದೂ ಅದೇ ಪಿಸ್ತೂಲು, ತಲೆಯ ಅದೇ ಜಾಗ, ಜಾರ್ಜ್‌ನ ಕೈ. ಆ ಕೈ ಮೊದಲು ನಡುಗುತ್ತದೆ, ಆಮೇಲೆ ನಿಲ್ಲುತ್ತದೆ. ಜಾರ್ಜ್ ಮಾಡಿದ್ದು ಸರಿಯೇ ಎಂದು ಕೇಳಿದರೆ ಉತ್ತರವನ್ನು ಕ್ಯಾಂಡಿಯ ಮಾತಿನಿಂದ ಶುರು ಮಾಡಿ.

ಪರೀಕ್ಷೆಗೆ ಬರೆಯುವಾಗ ಒಂದೇ ವಸ್ತು ಆರಿಸಿ, ಅದು ಬರುವ ಎರಡು ಮೂರು ಜಾಗ ಹೇಳಿ, ಪ್ರತಿ ಸಲ ಏನು ಬದಲಾಯಿತು ಎಂದು ಬರೆಯಿರಿ. ಅಭ್ಯಾಸಕ್ಕೆ ಕೊನೆಯ ಪುಟ ತಗೊಳ್ಳಿ. ಸ್ಲಿಮ್ ಜಾರ್ಜ್‌ನನ್ನು ಕರೆದುಕೊಂಡು ಹೋಗುತ್ತಾನೆ, ಇವರಿಗೆ ಏನಾಗಿದೆ ಎಂದು ಕಾರ್ಲ್‌ಸನ್ ಕೇಳುತ್ತಾನೆ. ಅವನು ನಿಜವಾಗಿಯೂ ಗೊತ್ತಾಗದೇ ಕೇಳುತ್ತಿದ್ದಾನೆ. ಅವನಿಗೆ ಗೊತ್ತಾಗುವ ಹಾಗೆ, ‘ಒಂಟಿತನ’, ‘ಕನಸು’ ಎಂಬ ಪದಗಳನ್ನು ಬಳಸದೆ, ಒಂದು ಪುಟದ ಉತ್ತರ ಬರೆದು ನೋಡಿ.