ಆಫೀಸಿನ ಕಾನ್ಫರೆನ್ಸು, ಮನೆಯವರ ಕಾರು ಪ್ರವಾಸ: ಎರಡನ್ನೂ ಒಂದೇ ಸುತ್ತಿನಲ್ಲಿ ಹೊಂದಿಸುವುದು ಹೇಗೆ

ಕಾನ್ಫರೆನ್ಸಿಗೆ ಹೇಗೂ ಹೋಗಲೇಬೇಕು, ಮಕ್ಕಳಿಗೂ ರಜೆ ಇದೆ, ಎಲ್ಲರೂ ಕಾರಿನಲ್ಲೇ ಹೊರಟುಬಿಟ್ಟರೆ ಹೇಗೆ ಎಂಬ ಯೋಚನೆ ಒಳ್ಳೆಯದೇ. ಇಂಥ ಪ್ರವಾಸ ಹೆಚ್ಚಾಗಿ ಕೆಡುವುದು ಕಾನ್ಫರೆನ್ಸ್ ನಡೆಯುವ ಆ ಎರಡು ಮೂರು ದಿನಗಳಲ್ಲಿ. ಒಬ್ಬರು ಬೆಳಗ್ಗೆ ಎಂಟಕ್ಕೆ ಬ್ಯಾಡ್ಜ್ ಹಾಕಿಕೊಂಡು ಹೊರಟುಬಿಡುತ್ತಾರೆ. ಇನ್ನೊಬ್ಬರು ಗುರುತು ಪರಿಚಯವಿಲ್ಲದ ಊರಿನಲ್ಲಿ, ಹೋಟೆಲ್ ಕೋಣೆಯಲ್ಲಿ, ಮಕ್ಕಳ ಜೊತೆ ಉಳಿಯುತ್ತಾರೆ. ಹಾಗಾಗಿ ಯೋಜನೆ ಹಾಕುವಾಗ ಆ ಉಳಿದವರ ದಿನದಿಂದಲೇ ಶುರುಮಾಡಿ. ಅವರ ದಿನ ಸರಿಹೋದರೆ ಮಿಕ್ಕಿದ್ದನ್ನೆಲ್ಲ ಹೊಂದಿಸಿಕೊಳ್ಳಬಹುದು.

ಮೊದಲು ಕೆಲಸ, ಆಮೇಲೆ ಸುತ್ತಾಟ

ಸುತ್ತಾಟವನ್ನು ಕಾನ್ಫರೆನ್ಸಿನ ನಂತರಕ್ಕೆ ಇಟ್ಟುಕೊಳ್ಳಿ. ಮೊದಲೇ ಸುತ್ತಿದರೆ ಕಾರು ಕೆಟ್ಟರೂ ಮಗುವಿಗೆ ಜ್ವರ ಬಂದರೂ ಅದರ ಏಟು ನೇರವಾಗಿ ನಿಮ್ಮ ಭಾಷಣದ ಮೇಲೆ ಬೀಳುತ್ತದೆ. ಜೊತೆಗೆ, ಸ್ಲೈಡ್ ಇನ್ನೂ ಮುಗಿದಿಲ್ಲ ಎಂಬ ಚಿಂತೆ ತಲೆಯಲ್ಲಿದ್ದರೆ ಯಾವ ಜಾಗಕ್ಕೆ ಹೋದರೂ ಮನಸ್ಸು ಅಲ್ಲಿರುವುದಿಲ್ಲ.

ಹೋಗುವಾಗ ನೇರ ದಾರಿ, ಬರುವಾಗ ಸುತ್ತು ದಾರಿ. ಕಾನ್ಫರೆನ್ಸ್ ಶುರುವಾಗುವ ಹಿಂದಿನ ದಿನ ಮಧ್ಯಾಹ್ನದೊಳಗೆ ಊರು ಸೇರುವಂತೆ ನೋಡಿಕೊಳ್ಳಿ. ಮೊದಲ ದಿನವೇ ನಿಮ್ಮ ಭಾಷಣವಿದ್ದರೆ ಇನ್ನೂ ಒಂದು ದಿನ ಮೊದಲೇ ಹೊರಡಿ. ದಾರಿಯ ನಡುವೆ ರೈಲೋ ಬಸ್ಸೋ ವಿಮಾನವೋ ಸಿಗುವ ಊರು ಯಾವುದು ಎಂದು ಗುರುತು ಹಾಕಿಕೊಂಡಿರಿ. ಕಾರು ಕೈಕೊಟ್ಟರೆ ಭಾಷಣ ಮಾಡುವವರು ಅಲ್ಲಿಂದ ಒಬ್ಬರೇ ಮುಂದೆ ಹೋಗಬಹುದು, ರಿಪೇರಿ ಮುಗಿದ ಮೇಲೆ ಉಳಿದವರು ಹಿಂದೆ ಬರಬಹುದು. ಇದನ್ನು ಹೊರಡುವ ಮೊದಲೇ ಮನೆಯಲ್ಲಿ ಮಾತಾಡಿಕೊಂಡಿದ್ದರೆ ರಸ್ತೆ ಬದಿಯಲ್ಲಿ ನಿಂತು ವಾದ ಮಾಡುವುದು ತಪ್ಪುತ್ತದೆ.

ಕಾರ್ಯಕ್ರಮದ ಪಟ್ಟಿ ಕೊನೆಯ ವಾರದವರೆಗೂ ಬದಲಾಗುತ್ತಲೇ ಇರುತ್ತದೆ. ಹಾಗಾಗಿ ಹೋಗುವಾಗಿನ ಮತ್ತು ಬರುವಾಗಿನ ತಂಗುವ ಜಾಗಗಳನ್ನು ರದ್ದು ಮಾಡಿದರೆ ಹಣ ವಾಪಸ್ ಬರುವ ದರದಲ್ಲೇ ಬುಕ್ ಮಾಡಿ. ಸ್ವಲ್ಪ ಜಾಸ್ತಿಯಾದರೂ ಆ ಹಣ ದಂಡವಲ್ಲ.

ಖರ್ಚಿನ ಗೆರೆ ಎಳೆಯುವುದು

ಹೊರಡುವ ಮೊದಲೇ ಆಫೀಸಿಗೆ ಬರಹದಲ್ಲಿ ತಿಳಿಸಿ: ಕಾರಿನಲ್ಲಿ ಹೋಗುತ್ತೇನೆ, ಮನೆಯವರು ಜೊತೆಗಿರುತ್ತಾರೆ, ಇಂಥ ತಾರೀಕಿನಿಂದ ಇಂಥ ತಾರೀಕಿನವರೆಗೆ ನನ್ನ ರಜೆ. ಮುಚ್ಚಿಡುವಂಥದ್ದು ಇದರಲ್ಲಿ ಏನೂ ಇಲ್ಲ. ಆದರೆ ಆಮೇಲೆ ಬಿಲ್ಲಿನಿಂದ ಗೊತ್ತಾದರೆ ಎಲ್ಲವೂ ಅನುಮಾನಕ್ಕೆ ಬರುತ್ತದೆ. ಅನೇಕ ಸಂಸ್ಥೆಗಳಲ್ಲಿ ವಿಮಾನದ ದರ, ಕಾರಿನ ಕಿಲೋಮೀಟರ್ ಲೆಕ್ಕ, ಇವೆರಡರಲ್ಲಿ ಯಾವುದು ಕಡಿಮೆಯೋ ಅಷ್ಟನ್ನೇ ಕೊಡುತ್ತಾರೆ. ಅದಕ್ಕೇ ಒಪ್ಪಿಗೆ ಕೇಳುವ ದಿನವೇ, ಕಾನ್ಫರೆನ್ಸಿಗೆ ಮಾತ್ರ ಹೋಗಿಬರುವ ತಾರೀಕುಗಳಿಗೆ ವಿಮಾನದ ದರ ಎಷ್ಟಿದೆ ಎಂದು ನೋಡಿ ಸ್ಕ್ರೀನ್‌ಶಾಟ್ ತೆಗೆದಿಟ್ಟುಕೊಳ್ಳಿ. ಎರಡು ತಿಂಗಳ ನಂತರ ಆ ದರ ಎಲ್ಲೂ ಸಿಗುವುದಿಲ್ಲ.

ಕಿಲೋಮೀಟರ್ ಲೆಕ್ಕ ಹೀಗೆ: ಊರಿಂದ ಕಾನ್ಫರೆನ್ಸ್ ಜಾಗಕ್ಕೆ ನೇರವಾಗಿ 450 ಕಿ.ಮೀ. ಇದ್ದರೆ ಹೋಗಿಬರಲು 900. ಸುತ್ತಾಟವೂ ಸೇರಿ ಕಾರು ಓಡಿದ್ದು 1,400 ಆದರೆ ಆಫೀಸಿನ ಪಾಲು 900, ನಿಮ್ಮದು 500. ಹೊರಡುವಾಗ, ಕಾನ್ಫರೆನ್ಸ್ ಜಾಗ ಸೇರಿದಾಗ, ಅಲ್ಲಿಂದ ಹೊರಟಾಗ, ಮನೆಗೆ ಬಂದಾಗ ಓಡೋಮೀಟರಿನ ಫೋಟೋ ತೆಗೆಯಿರಿ. ನಾಲ್ಕೇ ಫೋಟೋ ಸಾಕು.

ಹೋಟೆಲಿನಲ್ಲಿ ಎರಡು ಬಿಲ್ ಬೇಕು ಎಂದು ಚೆಕ್‌-ಇನ್ ಮಾಡುವಾಗಲೇ ಹೇಳಿ. ಕಾನ್ಫರೆನ್ಸಿನ ರಾತ್ರಿಗಳು ಒಂದರಲ್ಲಿ, ನೀವಾಗಿ ಮುಂದುವರಿಸಿದ ರಾತ್ರಿಗಳು, ಹೆಚ್ಚುವರಿ ಹಾಸಿಗೆ, ಮನೆಯವರ ಊಟ ಇನ್ನೊಂದರಲ್ಲಿ. ಕೊನೆಯ ದಿನ ಬೆಳಗ್ಗೆ ಕೌಂಟರಿನ ಮುಂದೆ ಸಾಲು ನಿಂತಿರುವಾಗ ಬಿಲ್ ಒಡೆದು ಕೊಡಿ ಎಂದರೆ ತಪ್ಪುಗಳೇ ಹೆಚ್ಚು. ಒಬ್ಬರಿಗೆ ಬೇಕಾಗುವ ಕೋಣೆಗಿಂತ ದೊಡ್ಡದನ್ನು ತೆಗೆದುಕೊಂಡಿದ್ದರೆ ವ್ಯತ್ಯಾಸ ನಿಮ್ಮದೇ. ಕಾನ್ಫರೆನ್ಸಿಗೆಂದು ಹಿಡಿದಿಟ್ಟ ಕೋಣೆಗಳ ರಿಯಾಯಿತಿ ದರಕ್ಕೆ ಕೊನೆಯ ದಿನಾಂಕವಿರುತ್ತದೆ. ಆ ದರ ಹಿಂದೆ ಮುಂದೆ ಎಷ್ಟು ರಾತ್ರಿಗೆ ಅನ್ವಯಿಸುತ್ತದೆ, ಕೋಣೆಯಲ್ಲಿ ಎಷ್ಟು ಜನಕ್ಕೆ ಅವಕಾಶ ಎಂಬುದನ್ನೂ ಕೇಳಿಕೊಳ್ಳಿ.

ಹೆಚ್ಚಿನವರು ಮರೆಯುವುದು ವಿಮೆಯನ್ನು. ಕಾರು ಆಫೀಸಿನದಾಗಿದ್ದರೆ ಅಥವಾ ಆಫೀಸಿನ ಹೆಸರಲ್ಲಿ ಬಾಡಿಗೆಗೆ ತೆಗೆದುಕೊಂಡಿದ್ದರೆ ಮನೆಯವರು ಅದನ್ನು ಓಡಿಸಬಹುದೇ, ರಜೆಯ ದಿನಗಳಲ್ಲಿ ಅಪಘಾತವಾದರೆ ವಿಮೆ ಸಿಗುತ್ತದೆಯೇ ಎಂದು ಮೊದಲೇ ವಿಚಾರಿಸಿ. ಬಾಡಿಗೆ ಕಾರಾದರೆ ಎರಡನೇ ಚಾಲಕರ ಹೆಸರು ಒಪ್ಪಂದದಲ್ಲಿ ಇರಲೇಬೇಕು.

ಉಳಿದವರ ದಿನ

ಕಾರಿನ ಕೀ ಮಕ್ಕಳ ಜೊತೆ ಇರುವವರ ಕೈಯಲ್ಲಿರಬೇಕು. ಈ ಒಂದು ನಿರ್ಧಾರದಿಂದ ಹೋಟೆಲ್ ಎಲ್ಲಿ ಹುಡುಕಬೇಕು ಎಂಬುದೂ ತೀರ್ಮಾನವಾಗುತ್ತದೆ: ಕಾನ್ಫರೆನ್ಸ್ ಜಾಗಕ್ಕೆ ನಡೆದೇ ಹೋಗುವಷ್ಟು, ಅಂದರೆ 15 ನಿಮಿಷದೊಳಗೆ ಇರುವಂಥದ್ದು. ಅದು ಸಿಗದಿದ್ದರೆ ಹೋಗುವವರಿಗೆ ಬಸ್ಸೋ ಟ್ಯಾಕ್ಸಿಯೋ ಇರಲಿ. ಕಾರು ಕಾನ್ಫರೆನ್ಸ್ ಪಾರ್ಕಿಂಗಿನಲ್ಲಿ, ಮಕ್ಕಳ ಸೀಟು ಕಾರಿನಲ್ಲಿ, ಮಕ್ಕಳು ಕೋಣೆಯಲ್ಲಿ ಎಂದಾದರೆ ಟ್ಯಾಕ್ಸಿ ಹಿಡಿದು ಹೊರಗೆ ಹೋಗಲೂ ಆಗುವುದಿಲ್ಲ.

ಕೋಣೆ ಆರಿಸುವಾಗ ಕಿಟಕಿಯ ನೋಟಕ್ಕಿಂತ ಮುಖ್ಯವಾದವು ಬೇರೆ ಇವೆ. ನಡುವೆ ಬಾಗಿಲಿರುವ ಎರಡು ಭಾಗ, ಫ್ರಿಜ್, ಬಟ್ಟೆ ಒಗೆಯುವ ಅನುಕೂಲ, ನಡೆದು ಹೋಗುವಷ್ಟು ಹತ್ತಿರ ಮಕ್ಕಳು ಓಡಾಡಬಹುದಾದ ಜಾಗ. ಆ ನಡುವಿನ ಬಾಗಿಲು ರಾತ್ರಿ ಒಂಬತ್ತಕ್ಕೆ ಬೆಲೆ ತರುತ್ತದೆ: ಆಚೆ ಮಗು ಮಲಗಿರುತ್ತದೆ, ಈಚೆ ನೀವು ನಾಳೆಯ ಭಾಷಣವನ್ನು ಬಾಯಿಬಿಟ್ಟು ಅಭ್ಯಾಸ ಮಾಡಬಹುದು.

ಚಿಕ್ಕ ಮಕ್ಕಳಿದ್ದರೆ ದಿನಕ್ಕೆ ಒಂದೇ ದೊಡ್ಡ ಸುತ್ತಾಟ, ಅದೂ ಮಧ್ಯಾಹ್ನಕ್ಕೆ ಮೊದಲು. ಊಟದ ನಂತರ ನಿದ್ದೆ. ಸಂಜೆ ಹತ್ತಿರದಲ್ಲೇ ಏನಾದರೊಂದು. ಮೂರು ದಿನದ ಕಾನ್ಫರೆನ್ಸಿನಲ್ಲಿ ಎರಡನೇ ದಿನವೇ ಕಷ್ಟ. ಮೊದಲ ದಿನದ ಹೊಸತು ಕಳೆದಿರುತ್ತದೆ, ಮುಗಿಯಲು ಇನ್ನೂ ಒಂದು ದಿನ ಇರುತ್ತದೆ. ಮಕ್ಕಳು ಹೆಚ್ಚು ಇಷ್ಟಪಡುವ ಜಾಗವನ್ನು ಆ ದಿನಕ್ಕೆ ಉಳಿಸಿಡಿ.

ಕಾನ್ಫರೆನ್ಸಿಗೆ ಹೋಗುವವರು ಕೊಡಬಾರದ ಮಾತೊಂದಿದೆ: "ಮಧ್ಯಾಹ್ನ ಊಟಕ್ಕೆ ಬಂದುಬಿಡುತ್ತೇನೆ." ಕಾನ್ಫರೆನ್ಸಿನ ಅರ್ಧ ಕೆಲಸ ನಡೆಯುವುದೇ ಊಟದ ಹೊತ್ತಿನಲ್ಲಿ, ತಟ್ಟೆ ಹಿಡಿದು ನಿಂತ ಜಾಗದಲ್ಲಿ. ಹತ್ತರಲ್ಲಿ ಎಂಟು ಸಲ ಬರಲು ಆಗುವುದಿಲ್ಲ, ಮಕ್ಕಳು ಬಾಗಿಲು ನೋಡುತ್ತ ಕೂರುತ್ತಾರೆ. ಅದರ ಬದಲು ಬೆಳಗ್ಗೆ ಏಳರಿಂದ ಎಂಟರವರೆಗಿನ ಹೊತ್ತನ್ನು ಕೊಡಿ. ಆಗ ನಿಮ್ಮನ್ನು ಯಾರೂ ಕರೆಯುವುದಿಲ್ಲ. ಮಕ್ಕಳನ್ನು ಎಬ್ಬಿಸಿ ತಿಂಡಿ ತಿನ್ನಿಸುವುದು ನಿಮ್ಮ ಪಾಲಿಗಿರಲಿ, ಇನ್ನೊಬ್ಬರು ಆ ಒಂದು ಗಂಟೆ ಮಲಗಲಿ. ಸಂಜೆಯ ಸಮಯವನ್ನು ನಿಜವಾಗಿ ಹೇಳಿ: ಕೊನೆಯ ಗೋಷ್ಠಿ ಐದಕ್ಕೆ ಮುಗಿಯುತ್ತದೆ ಎಂದರೆ ನೀವು ಕೋಣೆ ತಲುಪುವುದು ಐದೂಮುಕ್ಕಾಲಿಗೆ. ಬಂದ ಮೇಲೆ ಮಕ್ಕಳು ನಿಮ್ಮವರು. ರಾತ್ರಿಯ ಔತಣಗಳಲ್ಲಿ ಒಂದಕ್ಕೆ ಮಾತ್ರ ಹೋಗಿ. ಯಾವುದಕ್ಕೆ ಎಂಬುದನ್ನು ಮನೆಯಲ್ಲೇ ನಿಶ್ಚಯಿಸಿ.

ಕೆಲವು ಕಾನ್ಫರೆನ್ಸುಗಳಲ್ಲಿ ಮಕ್ಕಳನ್ನು ನೋಡಿಕೊಳ್ಳುವ ಕೋಣೆ, ಜೊತೆಯವರಿಗೆ ಪ್ರತ್ಯೇಕ ಪಾಸು ಇರುತ್ತವೆ. ನೋಂದಣಿಯ ಹೊತ್ತಿಗೇ ಕೇಳಿ, ಸ್ಥಳದಲ್ಲಿ ಕೇಳಿದರೆ ಸಾಮಾನ್ಯವಾಗಿ ತುಂಬಿಹೋಗಿರುತ್ತದೆ.

ಕಾರು ಮತ್ತು ಡಿಕ್ಕಿ

ಕಾರಿನ ತಪಾಸಣೆಯನ್ನು ಹೊರಡುವ ಹತ್ತು ದಿನ ಮೊದಲೇ ಮಾಡಿಸಿ. ಹಿಂದಿನ ದಿನ ಮಾಡಿಸಿದರೆ ಭಾಗ ಸಿಗದೆ ಕಾಯಬೇಕಾದೀತು, ರಿಪೇರಿ ಸರಿಯಾಗಿದೆಯೇ ಎಂದು ಓಡಿಸಿ ನೋಡಲೂ ಸಮಯವಿರುವುದಿಲ್ಲ. ಚಕ್ರ ಬಿಚ್ಚಿ ಹಾಕಿದ್ದರೆ 50ರಿಂದ 100 ಕಿ.ಮೀ. ಓಡಿದ ಮೇಲೆ ನಟ್ಟುಗಳನ್ನು ಮತ್ತೊಮ್ಮೆ ಬಿಗಿ ನೋಡಿಸಬೇಕು. ಟೈರಿನ ಗಾಳಿ ನೋಡುವುದು ಟೈರ್ ತಣ್ಣಗಿರುವಾಗ. ಚಾಲಕರ ಬಾಗಿಲಿನ ಚೌಕಟ್ಟಿನಲ್ಲಿ ಅಥವಾ ಇಂಧನ ಮುಚ್ಚಳದ ಒಳಗೆ ಅಂಟಿಸಿದ ಪಟ್ಟಿಯಲ್ಲಿ ಪೂರ್ತಿ ಭಾರಕ್ಕೆ ಬೇರೆ ಅಳತೆ ಕೊಟ್ಟಿದ್ದರೆ ಅದನ್ನೇ ಅನುಸರಿಸಿ. ಗಾಳಿ ಕಡಿಮೆಯಿದ್ದು ಭಾರ ಹೆಚ್ಚಿದ್ದರೆ ಟೈರಿನ ಪಕ್ಕದ ಗೋಡೆ ಮತ್ತೆ ಮತ್ತೆ ಬಾಗಿ ಬಿಸಿಯಾಗುತ್ತದೆ, ವೇಗದಲ್ಲಿ ಸಿಡಿಯುವುದು ಹೀಗೆಯೇ. ಸ್ಟೆಪ್ನಿಗೂ ಗಾಳಿ ನೋಡಿ.

ಡಿಕ್ಕಿ ತುಂಬಿದಾಗ ಕಾರಿನ ಹಿಂಭಾಗ ಕುಸಿದು ಮೂತಿ ಮೇಲೇಳುತ್ತದೆ, ಹೆಡ್‌ಲೈಟು ಎದುರಿನವರ ಕಣ್ಣಿಗೆ ಹೊಡೆಯುತ್ತದೆ. ಅನೇಕ ಕಾರುಗಳಲ್ಲಿ ಸ್ಟೀರಿಂಗ್ ಪಕ್ಕ 0ಯಿಂದ 3ರವರೆಗೆ ಗುರುತಿರುವ ಪುಟ್ಟ ಚಕ್ರವಿದೆ. ಭಾರಕ್ಕೆ ತಕ್ಕಂತೆ ಅದನ್ನು ತಿರುಗಿಸಿದರೆ ಬೆಳಕು ಕೆಳಗಿಳಿಯುತ್ತದೆ.

ತುಂಬುವ ಕ್ರಮ: ಭಾರದ ಪೆಟ್ಟಿಗೆಗಳು ಕೆಳಗೆ, ಹಿಂದಿನ ಸೀಟಿನ ಬೆನ್ನಿಗೆ ಒತ್ತಿ. ರಜೆಯ ಬಟ್ಟೆಗಳು ಒಳಗೆ, ಏಕೆಂದರೆ ಅವು ಕೊನೆಗೆ ಬೇಕಾಗುವುದು. ಅದರ ಮೇಲೆ ಕಾನ್ಫರೆನ್ಸಿನ ಬಟ್ಟೆ, ಕವರಿನಲ್ಲಿ ಚಪ್ಪಟೆಯಾಗಿ ಮಲಗಿಸಿ. ಕಿಟಕಿಯ ಕೊಕ್ಕೆಗೆ ನೇತುಹಾಕಿದರೆ ಚಾಲಕರಿಗೆ ಪಕ್ಕ ಕಾಣುವುದಿಲ್ಲ. ಬಾಗಿಲ ಬಾಯಲ್ಲೇ ಒಂದು ರಾತ್ರಿಯ ಚೀಲ: ಎಲ್ಲರ ಒಂದೊಂದು ಜೊತೆ ಬಟ್ಟೆ, ಬ್ರಶ್ಶು, ಔಷಧಿ, ಚಾರ್ಜರ್. ದಾರಿಯಲ್ಲಿ ತಂಗುವಾಗ ಇದೊಂದನ್ನೇ ಇಳಿಸಿದರೆ ಸಾಕು.

ಲ್ಯಾಪ್‌ಟಾಪ್ ಚೀಲ ಮಾತ್ರ ಡಿಕ್ಕಿಯಲ್ಲಿ ಉಳಿಯಬಾರದು. ಬಿಸಿಲಿಗೆ ನಿಂತ ಕಾರಿನೊಳಗೆ 10 ನಿಮಿಷದಲ್ಲೇ ಸುಮಾರು 10 ಡಿಗ್ರಿ ಸೆಲ್ಸಿಯಸ್ ಏರುತ್ತದೆ, ಬ್ಯಾಟರಿಗೆ ಅದು ಕೆಟ್ಟದ್ದು. ಕಳವಿನ ಭಯ ಬೇರೆ. ಇದೇ ಕಾರಣಕ್ಕೆ ಮಗುವನ್ನು "ಎರಡೇ ನಿಮಿಷ" ಎಂದು ಕಾರಿನಲ್ಲಿ ಬಿಟ್ಟು ಹೋಗಬೇಡಿ, ಕಿಟಕಿ ಸ್ವಲ್ಪ ಇಳಿಸಿದರೂ ಹೆಚ್ಚಿನ ಪ್ರಯೋಜನವಿಲ್ಲ. ಸ್ಲೈಡುಗಳ ಒಂದು ಪ್ರತಿ ಪೆನ್‌ಡ್ರೈವಿನಲ್ಲಿ, ಇನ್ನೊಂದು ಇಮೇಲಿನಲ್ಲಿ ಇರಲಿ, ಪೆನ್‌ಡ್ರೈವ್ ಲ್ಯಾಪ್‌ಟಾಪ್ ಚೀಲದಲ್ಲಿ ಬೇಡ, ಜೇಬಿನಲ್ಲಿರಲಿ. ಆಫೀಸಿನ ಲ್ಯಾಪ್‌ಟಾಪಿನಲ್ಲಿ ಮಕ್ಕಳಿಗೆ ಕಾರ್ಟೂನ್ ಹಾಕಿಕೊಡಬೇಡಿ.

ಓಡಿಸುವ ಗಂಟೆಗಳು

ಮ್ಯಾಪ್ ತೋರಿಸುವ ಸಮಯ ನಿಲ್ಲದೆ ಓಡಿಸುವವರದು. ಮಕ್ಕಳಿದ್ದರೆ ಎರಡು ಗಂಟೆಗೊಮ್ಮೆ 20 ನಿಮಿಷ, ಊಟಕ್ಕೆ 45 ನಿಮಿಷ ಸೇರಿಸಿ. ಮ್ಯಾಪಿನ 8 ಗಂಟೆ ಎಂದರೆ ನಡುವೆ ಮೂರು ನಿಲುಗಡೆ, ಅದರಲ್ಲಿ ಒಂದು ಊಟ, ಕಡಿಮೆಯೆಂದರೂ ಒಂಬತ್ತೂವರೆ. ಐದು ವರ್ಷದೊಳಗಿನ ಮಕ್ಕಳಿದ್ದರೆ ದಿನಕ್ಕೆ ಮ್ಯಾಪಿನ 5 ಗಂಟೆ ಮೀರಬೇಡಿ.

ನಿದ್ದೆಯ ಮಂಪರು ಗಾಢವಾಗಿರುವುದು ರಾತ್ರಿ 2ರಿಂದ ಬೆಳಗ್ಗೆ 6ರವರೆಗೆ. ಮಧ್ಯಾಹ್ನ 2ರಿಂದ 4ರವರೆಗೆ ಇನ್ನೊಂದು ಸಣ್ಣ ಅಲೆ ಬರುತ್ತದೆ. 90 ಕಿ.ಮೀ. ವೇಗದಲ್ಲಿ ಕಾರು ಸೆಕೆಂಡಿಗೆ 25 ಮೀಟರ್ ಹೋಗುತ್ತದೆ, ನಾಲ್ಕು ಸೆಕೆಂಡಿನ ತೂಕಡಿಕೆಯಲ್ಲಿ 100 ಮೀಟರ್. ಕಿಟಕಿ ತೆರೆಯುವುದು, ಹಾಡು ಜೋರು ಮಾಡುವುದು ಇದಕ್ಕೆ ಮದ್ದಲ್ಲ. ಸುರಕ್ಷಿತ ಜಾಗದಲ್ಲಿ ನಿಲ್ಲಿಸಿ ಕಾಫಿ ಕುಡಿದು, ಕುಡಿದ ಕೂಡಲೇ 15–20 ನಿಮಿಷ ಕಣ್ಣುಮುಚ್ಚಿ. ಕೆಫೀನ್ ಕೆಲಸ ಶುರುಮಾಡಲು ಸುಮಾರು ಅರ್ಧ ಗಂಟೆ ಬೇಕು, ಏಳುವ ಹೊತ್ತಿಗೆ ಎರಡೂ ಸೇರಿ ಬರುತ್ತವೆ.

ಮಕ್ಕಳಿಗೆ ವಾಂತಿ ಬರುವುದು ಕಣ್ಣು ಪುಸ್ತಕದ ಮೇಲೋ ಫೋನಿನ ಮೇಲೋ ನೆಟ್ಟಿದ್ದು, ಒಳಕಿವಿ ಮಾತ್ರ ಚಲನೆಯನ್ನು ಗುರುತಿಸುವಾಗ. ಫೋನ್ ಕಸಿದು ದೂರ ನೋಡಿಸಿ, ಗಾಳಿ ಬಿಡಿ. ವೈದ್ಯರು ಮಾತ್ರೆ ಹೇಳಿದ್ದರೆ ಹೊರಡುವ ಅರ್ಧದಿಂದ ಒಂದು ಗಂಟೆ ಮೊದಲು ಕೊಡಬೇಕು, ವಾಂತಿ ಶುರುವಾದ ಮೇಲಲ್ಲ. ಓಡಿಸುವವರು ಆ ಮಾತ್ರೆ ತೆಗೆದುಕೊಳ್ಳಬಾರದು, ನಿದ್ದೆ ಬರುತ್ತದೆ.

ಕಾನ್ಫರೆನ್ಸ್ ಮುಗಿದ ಸಂಜೆ

ಅಂದು ಸಂಜೆಯೇ ಹೊರಡಬೇಡಿ. ಮೂರು ದಿನ ಮಾತಾಡಿ, ಕಡಿಮೆ ಮಲಗಿ ದಣಿದವರು ಕತ್ತಲಲ್ಲಿ ಓಡಿಸುವುದು ಅಪಾಯ. ಒಂದು ರಾತ್ರಿ ಅಲ್ಲೇ ಉಳಿದು ಕೆಲಸದ ಬಾಕಿ ತೀರಿಸಿ: ರಶೀದಿಗಳ ಫೋಟೋ, ಭೇಟಿಯಾದವರ ಹೆಸರಿನ ಪಕ್ಕ ಅವರೊಂದಿಗೆ ಆಡಿದ ಮಾತಿನ ಒಂದು ಸಾಲು, ಕಳಿಸುತ್ತೇನೆ ಎಂದು ಒಪ್ಪಿದ ಕಡತಗಳು. ವಾರ ಬಿಟ್ಟು ಬರೆದರೆ ಹೆಸರು ಮಾತ್ರ ನೆನಪಿರುತ್ತದೆ. ಇಮೇಲಿನ ಸ್ವಯಂ ಉತ್ತರದಲ್ಲಿ ತಾರೀಕು ಬದಲಾಯಿಸಿ, "ಕಾನ್ಫರೆನ್ಸಿನಲ್ಲಿದ್ದೇನೆ" ಎಂಬುದನ್ನು ತೆಗೆದು "ರಜೆಯಲ್ಲಿದ್ದೇನೆ" ಎಂದು ಹಾಕಿ, ತುರ್ತಿಗೆ ಯಾರನ್ನು ಕೇಳಬೇಕು ಎಂದೂ ಬರೆಯಿರಿ. ಲ್ಯಾಪ್‌ಟಾಪನ್ನು ಮುಚ್ಚಿ ಚೀಲಕ್ಕೆ ಸೇರಿಸಿ. ಮರುದಿನ ಬೆಳಗ್ಗೆ ಕಾನ್ಫರೆನ್ಸಿನ ಬಟ್ಟೆ ಡಿಕ್ಕಿಯ ಅಡಿಗೆ, ರಜೆಯ ಬಟ್ಟೆ ಮೇಲಕ್ಕೆ. ದಾರಿಯಲ್ಲಿ ಎಲ್ಲೆಲ್ಲಿ ನಿಲ್ಲಬೇಕು ಎಂದು ಈಗ ಮಕ್ಕಳೇ ಹೇಳಲಿ.