‘ಮನ್ಯಾಗ ಇರ್ತೀನಿ’ ಎಂಬ ಉತ್ತರಕ್ಕೆ ಯಾವ ಅಂಕಿ?

ಬಾಗಲಕೋಟೆ ಜಿಲ್ಲೆಯ ಇಳಕಲ್ ಮತ್ತು ಗುಳೇದಗುಡ್ಡದ ನೇಕಾರ ಕುಟುಂಬಗಳ ಸಮೀಕ್ಷೆಯೊಂದಕ್ಕೆ ಕೋಡ್‌ಬುಕ್ ಸಿದ್ಧಪಡಿಸುವ ಹೊಣೆ ನನ್ನ ಪಾಲಿಗೆ ಬಂದಾಗ, ಅದನ್ನು ಎರಡು ದಿನದ ಗುಮಾಸ್ತಿಕೆ ಎಂದೇ ಎಣಿಸಿದ್ದೆ. ಪ್ರತಿ ಪ್ರಶ್ನೆಗೆ ಕಂಪ್ಯೂಟರಿನಲ್ಲಿ ಒಂದು ಚಿಕ್ಕ ಹೆಸರು, ಪ್ರತಿ ಉತ್ತರಕ್ಕೆ ಒಂದು ಅಂಕಿ, ಆ ಅಂಕಿಯ ಅರ್ಥ. ಇಷ್ಟನ್ನು ದಾಖಲಿಸಿಟ್ಟ ಕೈಪಿಡಿಯೇ ಕೋಡ್‌ಬುಕ್. ಉದ್ಯೋಗದ ಪ್ರಶ್ನೆಗೆ ನೇಯ್ಗೆ 1, ಕೃಷಿ 2, ಕೂಲಿ 3, ಮನೆಗೆಲಸ 4 ಎಂದು ಬರೆದು ಮುಗಿಸಿದೆ.

ಗುಳೇದಗುಡ್ಡದ ಮೊದಲ ಓಣಿಯಲ್ಲೇ ಅದು ಕೈಕೊಟ್ಟಿತು. “ನೀವೇನ್ ಕೆಲ್ಸಾ ಮಾಡ್ತೀರಿ ಯಕ್ಕಾ?” ಎಂದು ಕೇಳಿದಾಗ, ರಾಟೆಯ ಮುಂದೆ ಕುಳಿತು ಲಡಿಯ ನೂಲನ್ನು ಕಂಡಿಕೆಗೆ, ಅಂದರೆ ಲಾಳಿಯೊಳಗೆ ಕೂರುವ ಚಿಕ್ಕ ಕೊಳವೆಗೆ, ಸುತ್ತುತ್ತಿದ್ದ ಹೆಣ್ಣುಮಗಳು ಕೈ ನಿಲ್ಲಿಸದೆಯೇ, “ನಾ ಏನ್ ಮಾಡ್ತೀನ್ರಿ, ಮನ್ಯಾಗ ಇರ್ತೀನಿ. ಮಗ್ಗಕ್ಕ ಕುಂದ್ರಾವ್ರು ನಮ್ಮ ಮನಿಯವ್ರು” ಎಂದರು. ನಮ್ಮ ಗಣತಿದಾರರೊಬ್ಬರು 4 ಬರೆದರು; ಅಂಥದೇ ಇನ್ನೊಂದು ಮನೆಯಲ್ಲಿ ಮತ್ತೊಬ್ಬರು 1 ಬರೆದಿದ್ದರು. ಇಬ್ಬರೂ ಜಾಣರೇ, ತಪ್ಪು ನನ್ನದು. ಕಂಡಿಕೆಯಿಲ್ಲದೆ ಲಾಳಿ ಓಡುವುದಿಲ್ಲ, ಗೇಣುದ್ದ ಖಣವೂ (ರವಿಕೆಯ ಬಟ್ಟೆ) ಮಗ್ಗದಿಂದ ಇಳಿಯುವುದಿಲ್ಲ. ಆದರೂ ಆ ದುಡಿಮೆಗೆ ನನ್ನ ಪಟ್ಟಿಯಲ್ಲಿ ಜಾಗವಿರಲಿಲ್ಲ.

ಆ ರಾತ್ರಿ ಹೊಸದಾಗಿ ಬರೆದದ್ದು ಹೀಗಿತ್ತು: “ಕೋಡ್ 5, ನೇಯ್ಗೆಯ ಪೂರಕ ಕೆಲಸ. ಕಂಡಿಕೆ ಸುತ್ತುವುದು, ಹಾಸಿನ ಎಳೆ ಕೂಡಿಸುವುದು, ನೂಲಿಗೆ ಬಣ್ಣ ಹಾಕುವುದು ಸೇರುತ್ತವೆ, ಕೂಲಿ ಸಿಗದಿದ್ದರೂ ಸರಿ. ಮಗ್ಗದಲ್ಲಿ ಕುಳಿತು ನೇಯುವವರು ಸೇರುವುದಿಲ್ಲ, ಅವರಿಗೆ 1. ಮನೆಯಲ್ಲಿರುತ್ತೇನೆ ಎಂದವರಿಗೆ, ನಿನ್ನೆ ಬೆಳಗಿನಿಂದ ಏನೇನು ಮಾಡಿದಿರಿ ಎಂದು ಕೇಳಿದ ಮೇಲಷ್ಟೇ ಅಂಕಿ ಬರೆಯಿರಿ.” ಯಾರು ಸೇರುವುದಿಲ್ಲ ಎಂಬ ಸಾಲೇ ಮುಂದೆ ಹೆಚ್ಚು ಉಪಯೋಗಕ್ಕೆ ಬಂತು. ಬಳಿಕ ಒಂದೇ ಕಟ್ಟು ಹಾಳೆಗಳನ್ನು ಆ ಇಬ್ಬರು ಗಣತಿದಾರರಿಗೂ ಬೇರೆ ಬೇರೆಯಾಗಿ ಕೊಟ್ಟು, ಮನಶ್ಶಾಸ್ತ್ರಜ್ಞ ಜೇಕಬ್ ಕೋಹೆನ್ 1960ರಲ್ಲಿ ಸೂಚಿಸಿದ ಕಪ್ಪಾ ಅಳತೆಯಿಂದ ಅವರ ಅಂಕಿಗಳ ಹೊಂದಾಣಿಕೆಯನ್ನು ಪರೀಕ್ಷಿಸಿದೆ. ಆಕಸ್ಮಿಕವಾಗಿ ತಾಳೆಯಾಗಬಹುದಾದ ಪಾಲನ್ನು ಅದು ಕಳೆದು ತೋರಿಸುತ್ತದೆ.

ಇನ್ನೊಂದು ಎಡವಟ್ಟು ಚಿಕ್ಕದು. ಕೂಲಿಯನ್ನು ಹೇಳದವರಿಗೆ 9999 ಎಂದು ಗುರುತಿಸಿದ್ದೆವು. ಕೋಡ್‌ಬುಕ್ ತೆರೆಯದೆ ಸರಾಸರಿ ತೆಗೆದ ಗೆಳೆಯನ ಕೋಷ್ಟಕದಲ್ಲಿ ನೇಕಾರರೆಲ್ಲ ಒಮ್ಮೆಲೇ ಸಿರಿವಂತರಾಗಿದ್ದರು.

ಇಂಥ ಕೈಪಿಡಿ ಸಮೀಕ್ಷೆಯವರ ಸೊತ್ತು ಮಾತ್ರವೇನಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ರೋಗಗಳ ಸಂಕೇತಪಟ್ಟಿಯಾದ ಐಸಿಡಿ-10ರ ಪ್ರಕಾರ ಆಸ್ಪತ್ರೆಯ ದಾಖಲೆಯಲ್ಲಿ ಹಾವಿನ ವಿಷಬಾಧೆ ಟಿ63.0 ಆಗುತ್ತದೆ. ಮೊಬೈಲ್ ಫೋನ್ ಕೂಡ ಧ್ವನಿಯ ತುಣುಕಿಗೆ ಹತ್ತಿರದ ಮಾದರಿಯನ್ನು ತನ್ನ ಕೋಡ್‌ಬುಕ್ಕಿನಲ್ಲಿ ಹುಡುಕಿ ಅದರ ಕ್ರಮಸಂಖ್ಯೆಯನ್ನು ಕಳಿಸುತ್ತದೆ. 1914ರಲ್ಲಿ ಜರ್ಮನಿಯ ಮಾಗ್ಡೆಬುರ್ಗ್ ಯುದ್ಧನೌಕೆ ನೆಲಕ್ಕೆ ತಾಗಿ ನಿಂತಾಗ ರಷ್ಯನ್ನರ ಕೈಗೆ ಸಿಕ್ಕಿದ ಸಂಕೇತಪುಸ್ತಕದ ಪ್ರತಿಯೊಂದು ಬ್ರಿಟಿಷರನ್ನು ತಲುಪಿತು. ಜರ್ಮನ್ನರ ಆ ಗುಟ್ಟಿನ ಪುಸ್ತಕ ಪರರ ಕೈಸೇರಿದ ದಿನವೇ ಕೆಟ್ಟಿತು. ನಮ್ಮದು ಪರರು ಓದಲೆಂದೇ ಇರುವಂಥದ್ದು.

ಕೋಡ್ 5 ಹುಟ್ಟುವ ಮುನ್ನ ತುಂಬಿದ್ದ ಹಾಳೆಗಳ ಮನೆಗಳಿಗೆ ಮತ್ತೆ ಹೋದೆವು. ಕೆಲವು ಮನೆಗಳಿಗೆ ಬೀಗವಿತ್ತು. ದುಡಿಯಲು ಗೋವಾಕ್ಕೆ ಹೋಗಿದ್ದಾರೆಂದು ನೆರೆಯವರು ಹೇಳಿದರು. ಆ ಹೆಣ್ಣುಮಕ್ಕಳ ಉದ್ಯೋಗದ ಅಂಕಣದಲ್ಲಿ 96 ಎಂದಿದೆ, ಕೋಡ್‌ಬುಕ್ಕಿನಲ್ಲಿ ಅದರ ಮುಂದೆ “ಮರುಭೇಟಿ ಆಗಲಿಲ್ಲ” ಎಂದು ಬರೆದಿದ್ದೇನೆ.